ಬೀದಿ ಕಡತಗಳ ಕಥೆ

ಮಾಡದ ಅಪರಾಧಕ್ಕಾಗಿ ಹತ್ತಿಪ್ಪತ್ತು ವರ್ಷ ಸೆರೆಮನೆಯಲ್ಲಿ ಕೊಳೆತವನೊಬ್ಬ ನಿರಪರಾಧಿಯೆಂದು ಸಾಬೀತಾಗಿ ಹೊರಬಂದಾಗ ಮರುದಿನದ ಪತ್ರಿಕೆಗಳಲ್ಲಿ ಅವನ ಚಿತ್ರ ಅಚ್ಚಾಗುತ್ತದೆ. ಓದುಗರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ಅವನ ಮಟ್ಟಿಗೆ ಇನ್ನೊಂದು ಕಥೆ ಅಲ್ಲಿಂದಲೇ ಆರಂಭ. ಕಳೆದುಹೋದ ಆಯುಷ್ಯಕ್ಕೆ ಪರಿಹಾರ ಕೊಡಬೇಕಾದವರು ಯಾರು? ತಪ್ಪು ಯಾರದು? ಕಣ್ತಪ್ಪಿನಿಂದ ಆದದ್ದೋ, ಗೊತ್ತಿದ್ದೂ ಮಾಡಿದ್ದೋ? ಅಮೆರಿಕದಲ್ಲಿ ಇಂಥವರು ಪೊಲೀಸರ ಮೇಲೆ, ನಗರಾಡಳಿತದ ಮೇಲೆ ಹೂಡುವ ಸಿವಿಲ್ ದಾವೆಗಳಲ್ಲಿ ನಿಜವಾದ ಕಾದಾಟ ನಡೆಯುವುದು ಜ್ಯೂರಿಯ ಎದುರಲ್ಲ. ವಿಚಾರಣೆ ಶುರುವಾಗುವ ಮೊದಲೇ, ಎಷ್ಟೋ ಸಲ ಮೂರು ನಾಲ್ಕು ವರ್ಷಗಳ ಕಾಲ, ವಕೀಲರ ಕಚೇರಿಗಳಲ್ಲಿ ಅದು ನಡೆಯುತ್ತದೆ. ಯಾವ ಕಾಗದವನ್ನು ಯಾರು ಯಾರಿಗೆ ತೋರಿಸಬೇಕು ಎಂಬುದೇ ಅಲ್ಲಿನ ಜಗಳ.

ಈ ಜಗಳದ ಇತಿಹಾಸವನ್ನು ಷಿಕಾಗೋ ನಗರದಷ್ಟು ಚೆನ್ನಾಗಿ ಹೇಳಬಲ್ಲ ಊರು ಮತ್ತೊಂದಿಲ್ಲ.

ಮೊದಲು ಕಾನೂನಿನ ಬೇರು ನೋಡೋಣ. ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೂ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲ್ಯಾನ್ ಎಂಬ ಗುಪ್ತ ಸಂಘದವರು ಕರಿಯರನ್ನು ಹಿಂಸಿಸುತ್ತಿದ್ದರು. ಸ್ಥಳೀಯ ಅಧಿಕಾರಿಗಳು ಕಣ್ಣುಮುಚ್ಚಿಕೊಂಡಿದ್ದರು, ಕೆಲವರು ಕೈಯನ್ನೂ ಜೋಡಿಸಿದ್ದರು. ಆಗ ಅಧ್ಯಕ್ಷ ಗ್ರಾಂಟ್ 1871ರ ಏಪ್ರಿಲ್ 20ರಂದು ಒಂದು ಕಾಯ್ದೆಗೆ ಸಹಿ ಹಾಕಿದರು. ಸರ್ಕಾರಿ ಅಧಿಕಾರದ ಬಲದಿಂದ ಯಾರಾದರೂ ಪ್ರಜೆಯ ಸಂವಿಧಾನದತ್ತ ಹಕ್ಕನ್ನು ಕಸಿದರೆ ಆ ಪ್ರಜೆ ನೇರವಾಗಿ ಕೇಂದ್ರದ ಕೋರ್ಟಿನಲ್ಲಿ ಅವನ ಮೇಲೆ ದಾವೆ ಹೂಡಬಹುದು ಎಂಬುದು ಅದರ ಸಾರ. ಅಮೆರಿಕದ ವಕೀಲರು ಇಂದು ಇದನ್ನು ‘ಸೆಕ್ಷನ್ 1983’ ಎನ್ನುತ್ತಾರೆ. ಅದು ಇಸವಿಯಲ್ಲ, ಕಾನೂನು ಸಂಹಿತೆಯಲ್ಲಿ ಆ ಕಾಯ್ದೆಗೆ ಸಿಕ್ಕಿದ ಕ್ರಮಸಂಖ್ಯೆ.

ಕಾಯ್ದೆ ತೊಂಬತ್ತು ವರ್ಷ ಹೆಚ್ಚುಕಡಿಮೆ ನಿದ್ದೆಯಲ್ಲೇ ಇತ್ತು. ಅದನ್ನು ಎಬ್ಬಿಸಿದ್ದು ಷಿಕಾಗೋದ್ದೇ ಒಂದು ಪ್ರಕರಣ. 1958ರ ಅಕ್ಟೋಬರಿನ ಒಂದು ಬೆಳಗಿನ ಜಾವ ಹದಿಮೂರು ಜನ ಪೊಲೀಸರು ಜೇಮ್ಸ್ ಮನ್ರೋ ಎಂಬ ಕರಿಯನ ಮನೆಗೆ ವಾರಂಟಿಲ್ಲದೆ ನುಗ್ಗಿ, ಗಂಡ ಹೆಂಡಿರನ್ನು ಬೆತ್ತಲೆ ನಿಲ್ಲಿಸಿ, ಮನೆಯನ್ನೆಲ್ಲ ಜಾಲಾಡಿ, ಅವನನ್ನು ಠಾಣೆಗೆ ಒಯ್ದು ಹತ್ತು ಗಂಟೆ ಕೂರಿಸಿ, ಕೊನೆಗೆ ಯಾವ ಆರೋಪವನ್ನೂ ಹೊರಿಸದೆ ಬಿಟ್ಟರು. ಪೊಲೀಸರ ಮೇಲೆ ದಾವೆ ಹೂಡಬಹುದು ಎಂದು ಸುಪ್ರೀಂ ಕೋರ್ಟು 1961ರಲ್ಲಿ ಹೇಳಿತು. ನಗರದ ಮೇಲೆ ಹೂಡಲಾಗದು ಎಂದೂ ಅದೇ ತೀರ್ಪು ಹೇಳಿತು. ಎರಡನೆಯ ಮಾತನ್ನು ಕೋರ್ಟು 1978ರಲ್ಲಿ ಹಿಂದಕ್ಕೆ ಪಡೆಯಿತು, ಒಂದು ಷರತ್ತಿನ ಮೇಲೆ. ಯಾವನೋ ಒಬ್ಬ ನೌಕರ ತಪ್ಪು ಮಾಡಿದ ಎಂದ ಮಾತ್ರಕ್ಕೆ ನಗರ ಹೊಣೆಯಲ್ಲ. ಆ ತಪ್ಪು ನಗರದ ನೀತಿಯಿಂದಲೋ, ಬೇರೂರಿದ ಪದ್ಧತಿಯಿಂದಲೋ ಆಗಿದ್ದರೆ ಮಾತ್ರ ಹೊಣೆ. ಈ ಷರತ್ತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ಕಾಗದದ ಜಗಳಕ್ಕೂ ಮೂಲ ಇದೇ.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಎಳೆಯಿದೆ. ಆರೋಪಿಗೆ ಅನುಕೂಲವಾದ ಸಾಕ್ಷ್ಯ ಸರ್ಕಾರದ ಕೈಯಲ್ಲಿದ್ದರೆ ಅದನ್ನು ಅವನಿಗೆ ಕೊಡಲೇಬೇಕು ಎಂದು 1963ರಲ್ಲಿ ಮೇರಿಲೆಂಡ್ ರಾಜ್ಯದ ಬ್ರೇಡಿ ಎಂಬ ಕೈದಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. ಆದರೆ ಕೊಡದೆ ಬಚ್ಚಿಟ್ಟ ಪ್ರಾಸಿಕ್ಯೂಟರನ ಮೇಲೆ ಆಮೇಲೆ ಪರಿಹಾರದ ದಾವೆ ಹೂಡುವಂತಿಲ್ಲ ಎಂದು ಅದೇ ಕೋರ್ಟು 1976ರಲ್ಲಿ ಅವನಿಗೆ ಪೂರ್ಣ ರಕ್ಷಣೆ ಕೊಟ್ಟಿತು. ನಿಯಮವೂ ಇದೆ, ಮುರಿದವನಿಗೆ ದಂಡವಿಲ್ಲ. ಈ ವಿಚಿತ್ರವನ್ನು ಅಮೆರಿಕದ ನ್ಯಾಯಶಾಸ್ತ್ರಜ್ಞರು ಹಲವು ಬಗೆಯಲ್ಲಿ ಸಮರ್ಥಿಸಿದ್ದಾರೆ. ನನಗಂತೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಹೀಗಾಗಿ ಪರಿಹಾರ ಕೇಳುವವನಿಗೆ ಉಳಿಯುವ ಗುರಿ ಎರಡೇ: ತನಿಖೆ ನಡೆಸಿದ ಪೊಲೀಸರು, ಮತ್ತು ಅವರನ್ನು ಸಾಕಿದ ನಗರ.

ಇನ್ನು ಬೀದಿ ಕಡತದ ಮಾತು. 1981ರ ಮೇ ತಿಂಗಳಲ್ಲಿ ಷಿಕಾಗೋದ ದಕ್ಷಿಣ ಭಾಗದ ಒಂದು ಮನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಜೊತೆಗಿದ್ದ ಹತ್ತು ವರ್ಷದ ತಮ್ಮನ ತಲೆಗೂ ಬಲವಾದ ಪೆಟ್ಟು ಬಿದ್ದಿತ್ತು. ಪ್ರಜ್ಞೆ ಬಂದಾಗ ಅವನ ಬಾಯಲ್ಲಿ ಬಂದ ಹೆಸರು ಜಾರ್ಜ್. ಆ ಭಾಗದಲ್ಲಿ ಜಾರ್ಜ್ ಎಂಬ ಹೆಸರಿನವರು ಎಷ್ಟು ಜನವೋ. ಪೊಲೀಸರು ಹಿಡಿದದ್ದು ಜಾರ್ಜ್ ಜೋನ್ಸ್ ಎಂಬ ಹದಿನೆಂಟರ ಹುಡುಗನನ್ನು. ಹೈಸ್ಕೂಲಿನ ಕೊನೆಯ ವರ್ಷದ ವಿದ್ಯಾರ್ಥಿ, ಶಾಲಾ ಪತ್ರಿಕೆಯ ಸಂಪಾದಕ, ಸಹಪಾಠಿಗಳು ‘ಪುಸ್ತಕದ ಹುಳು’ ಎಂದು ಅಡ್ಡಹೆಸರಿಟ್ಟಿದ್ದ ಹುಡುಗ. ಅವನ ತಂದೆಯೂ ಷಿಕಾಗೋದ ಪೊಲೀಸನೇ. ಗಾಯಾಳು ಬಾಲಕನ ಮುಂದೆ ಅವನನ್ನು ಆಸ್ಪತ್ರೆಯಲ್ಲಿ ನಿಲ್ಲಿಸಿದಾಗ ಬಾಲಕ ಒಮ್ಮೆ ಹೌದೆಂದ, ಒಮ್ಮೆ ಅಲ್ಲವೆಂದ. ಹೌದೆಂದದ್ದು ಮಾತ್ರ ವರದಿಗೆ ಬಂತು. ಪ್ರಯೋಗಾಲಯದ ಪರೀಕ್ಷೆ ಹುಡುಗನಿಗೆ ಅನುಕೂಲವಾಗಿತ್ತು, ವರದಿಯಲ್ಲಿ ಅದೂ ಪೂರ್ತಿ ಕಾಣಿಸಲಿಲ್ಲ.

ಫ್ರಾಂಕ್ ಲ್ಯಾವರ್ಟಿ ಎಂಬ ಪತ್ತೇದಾರನಿಗೆ ಇದು ತಪ್ಪು ಆಸಾಮಿ ಎಂದು ಮೊದಲಿನಿಂದಲೂ ಅನ್ನಿಸಿತ್ತು. ಬಾಲಕ ಕೊಟ್ಟ ವಿವರಣೆಗೂ ಈ ಓದುಗುಳಿ ಹುಡುಗನಿಗೂ ತಾಳೆಯಾಗುತ್ತಿರಲಿಲ್ಲ. ಲ್ಯಾವರ್ಟಿ ತನ್ನ ಅನುಮಾನವನ್ನು ಬರೆದು ಮೇಲಧಿಕಾರಿಗೆ ಕೊಟ್ಟ. ಅಲ್ಲಿಗೆ ಮೊಕದ್ದಮೆ ಬಿದ್ದುಹೋಗಿರಬೇಕು ಎಂದೇ ನಂಬಿದ್ದ. ಮರುವರ್ಷ ಪತ್ರಿಕೆ ತೆರೆದಾಗ ಜಾರ್ಜ್ ಜೋನ್ಸನ ಕೊಲೆ ವಿಚಾರಣೆ ನಡೆಯುತ್ತಿದೆ ಎಂಬ ಸುದ್ದಿ ಕಣ್ಣಿಗೆ ಬಿತ್ತು. ಅವನು ಬರೆದ ಟಿಪ್ಪಣಿ ಹುಡುಗನ ವಕೀಲರನ್ನು ತಲುಪಿಯೇ ಇರಲಿಲ್ಲ. ಅದು ಬೇರೊಂದು ಕಡತದಲ್ಲಿ ಕೂತಿತ್ತು.

ಷಿಕಾಗೋದ ಪತ್ತೇದಾರರು ಪ್ರತಿ ಕೊಲೆ ಪ್ರಕರಣಕ್ಕೂ ಎರಡು ಕಡತ ಇಡುತ್ತಿದ್ದರು. ಒಂದು ಅಧಿಕೃತ ಕಡತ. ಅಚ್ಚುಕಟ್ಟಾಗಿ ಬೆರಳಚ್ಚಾದ ವರದಿಗಳು ಅದರಲ್ಲಿ. ಪ್ರಾಸಿಕ್ಯೂಟರನಿಗೂ, ಅವನ ಮೂಲಕ ಆರೋಪಿಯ ವಕೀಲನಿಗೂ ಹೋಗುವುದು ಅದೊಂದೇ. ಇನ್ನೊಂದು ‘ಬೀದಿ ಕಡತ’. ಬೀದಿಯಲ್ಲಿ ಓಡಾಡುವಾಗ ಗೀಚಿಕೊಂಡ ಟಿಪ್ಪಣಿ, ಬೇರೆ ಶಂಕಿತರ ಹೆಸರು, ಅನಾಮಧೇಯ ಫೋನು ಕರೆ, ಸಾಕ್ಷಿ ಮೊದಲ ದಿನ ಹೇಳಿ ಆಮೇಲೆ ತಿರುಗಿಸಿದ ಮಾತು, ಒಬ್ಬ ಪತ್ತೇದಾರ ಮುಂದಿನ ಪಾಳಿಯವನಿಗೆ ಬಿಟ್ಟುಹೋದ ಚೀಟಿ, ಎಲ್ಲವೂ ಅದರಲ್ಲಿ. ತನಿಖೆ ನಿಜವಾಗಿ ನಡೆದದ್ದು ಈ ಕಡತದಲ್ಲಿ. ಅಧಿಕೃತ ಕಡತವಾದರೋ ಫಲಿತಾಂಶ ಗೊತ್ತಾದ ಮೇಲೆ ಬರೆದ ಶುದ್ಧ ಪ್ರತಿ. ಬೀದಿ ಕಡತ ಯಾರಿಗೂ ಹೋಗುತ್ತಿರಲಿಲ್ಲ, ಅದು ಇದೆಯೆಂಬುದೇ ಹೊರಗಿನವರಿಗೆ ತಿಳಿದಿರಲಿಲ್ಲ.

ನಮ್ಮ ಓದುಗರಿಗೆ ಇದು ತೀರ ಅಪರಿಚಿತವೆನಿಸಲಾರದು. ನಮ್ಮಲ್ಲಿ ತನಿಖಾಧಿಕಾರಿ ದಿನದಿನದ ಪ್ರಗತಿಯನ್ನು ಬರೆದಿಡುವ ಕೇಸ್ ಡೈರಿ ಇದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 172ನೆಯ ಕಲಮು ಅದನ್ನು ವಿಧಿಸಿತ್ತು. 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 192ನೆಯ ಕಲಮು. ನ್ಯಾಯಾಧೀಶರು ಅದನ್ನು ತರಿಸಿ ನೋಡಬಹುದು. ಆರೋಪಿ ಸಾಮಾನ್ಯವಾಗಿ ನೋಡುವಂತಿಲ್ಲ. ವ್ಯತ್ಯಾಸವೇನೆಂದರೆ ನಮ್ಮ ಡೈರಿಯನ್ನು ಮುಚ್ಚಿಟ್ಟದ್ದು ಕಾನೂನೇ, ಅದೂ ಬಹಿರಂಗವಾಗಿ. ಷಿಕಾಗೋದಲ್ಲಿ ಕಾನೂನು ಕೊಡು ಎನ್ನುತ್ತಿತ್ತು, ರೂಢಿ ಬಚ್ಚಿಡು ಎನ್ನುತ್ತಿತ್ತು. ಪ್ರಾಸಿಕ್ಯೂಷನ್ ತಾನು ಅವಲಂಬಿಸದೆ ಬಿಟ್ಟ ದಾಖಲೆ, ಹೇಳಿಕೆಗಳ ಪಟ್ಟಿಯನ್ನಾದರೂ ಆರೋಪಿಗೆ ಕೊಡಬೇಕು ಎಂದು ನಮ್ಮ ಸುಪ್ರೀಂ ಕೋರ್ಟು 2021ರಲ್ಲಿ ನಿರ್ದೇಶನ ಕೊಟ್ಟಿದೆ.

ಲ್ಯಾವರ್ಟಿ ಹುಡುಗನ ವಕೀಲರ ಬಳಿ ಹೋಗಿ ತನಗೆ ಗೊತ್ತಿದ್ದುದನ್ನು ಹೇಳಿದ. ವಿಚಾರಣೆ ರದ್ದಾಯಿತು, ಆರೋಪ ಕೈಬಿಡಲಾಯಿತು. ಜೋನ್ಸ್ ಹೂಡಿದ ಸಿವಿಲ್ ದಾವೆಯಲ್ಲಿ ಜ್ಯೂರಿ 8,01,000 ಡಾಲರ್ ಪರಿಹಾರ ವಿಧಿಸಿತು. 1988ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ ಬರೆದ ಆ ತೀರ್ಪಿನಲ್ಲಿ ಪೊಲೀಸರಷ್ಟೇ ಅಲ್ಲ, ಬೀದಿ ಕಡತದ ಪದ್ಧತಿಯನ್ನು ಸಾಕಿಕೊಂಡು ಬಂದ ನಗರವೂ ಹೊಣೆಯೆಂದಾಯಿತು. ಲ್ಯಾವರ್ಟಿಗೆ ಸಿಕ್ಕಿದ್ದೇನು? ಸಹೋದ್ಯೋಗಿಗಳು ಮಾತು ಬಿಟ್ಟರು. ಪತ್ತೇದಾರ ವಿಭಾಗದಿಂದ ಎತ್ತಂಗಡಿಯಾಯಿತು. ಪೊಲೀಸ್ ಕೆಲಸಕ್ಕೆ ಬರುವ ಉಮೇದುವಾರರು ಪರೀಕ್ಷೆಗೆ ಮೂತ್ರ ಕೊಡುವಾಗ ಪಕ್ಕದಲ್ಲಿ ನಿಂತು ನೋಡಿಕೊಳ್ಳುವುದು ಕೊನೆಗೆ ಅವನಿಗೆ ಒಪ್ಪಿಸಿದ ಕೆಲಸ. ಇದು ದಂತಕಥೆಯಲ್ಲ, ತೀರ್ಪಿನಲ್ಲೇ ದಾಖಲಾಗಿದೆ.

ಜೋನ್ಸನ ಪ್ರಕರಣ ಬಯಲಾದ ಬೆನ್ನಲ್ಲೇ 1982ರಲ್ಲಿ ಇತರ ಆರೋಪಿಗಳ ಪರವಾಗಿ ಒಂದು ಸಾಮೂಹಿಕ ದಾವೆ ಬಂತು. ಆ ಬೀದಿ ಕಡತಗಳನ್ನು ನಾಶ ಮಾಡಕೂಡದು ಎಂದು ಕೇಂದ್ರದ ಜಿಲ್ಲಾ ನ್ಯಾಯಾಧೀಶ ಮಿಲ್ಟನ್ ಶೇಡರ್ ತಡೆ ವಿಧಿಸಿದರು. ಮೇಲ್ಮನವಿಯಲ್ಲಿ ಆ ದಾವೆ ಹೆಚ್ಚು ದೂರ ಸಾಗಲಿಲ್ಲ. ಆದರೂ ಪೊಲೀಸ್ ಇಲಾಖೆ 1982–83ರಲ್ಲಿ ಹೊಸ ಆದೇಶಗಳನ್ನು ಹೊರಡಿಸಿತು. ಟಿಪ್ಪಣಿಗಳನ್ನು ಇನ್ನು ಮುಂದೆ ನಿಗದಿತ ನಮೂನೆಯಲ್ಲೇ ಬರೆಯಬೇಕು, ಜೋಪಾನವಾಗಿ ಇಡಬೇಕು. ಬೀದಿ ಕಡತದ ಕಾಲ ಮುಗಿಯಿತು ಎಂದು ನಗರ ಸಾರಿತು. ಇದು ಎಷ್ಟು ನಿಜವಾಗಿತ್ತು ಎಂಬುದು ಗೊತ್ತಾಗಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಅಲ್ಲಿಗೆ ಹೋಗುವ ಮೊದಲು ಈ ಕಾಗದದ ಯುದ್ಧದ ಪಟ್ಟುಗಳನ್ನು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು.

ಅಮೆರಿಕದ ಕೇಂದ್ರ ಕೋರ್ಟುಗಳಲ್ಲಿ 1938ರ ಸಿವಿಲ್ ನಿಯಮಾವಳಿ ಬಂದಾಗಿನಿಂದ ‘ಡಿಸ್ಕವರಿ’ ಎಂಬುದು ದಾವೆಯ ಬೆನ್ನೆಲುಬು. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಈ ಹೆಸರಿನ ಆದೇಶವಿದೆ, ಆದರೆ ನಮ್ಮ ವಕೀಲರು ಅದನ್ನು ಅಷ್ಟಾಗಿ ಹಚ್ಚಿಕೊಂಡಿಲ್ಲ. ಅಲ್ಲಿ ಹಾಗಲ್ಲ. ವಿಚಾರಣೆಗೆ ಮೊದಲೇ ವಾದಿ ಪ್ರತಿವಾದಿಯಿಂದ ದಾಖಲೆ ತರಿಸಿಕೊಳ್ಳಬಹುದು, ಲಿಖಿತ ಪ್ರಶ್ನೆಗೆ ಪ್ರಮಾಣಪೂರ್ವಕ ಉತ್ತರ ಕೇಳಬಹುದು, ಪೊಲೀಸನನ್ನು ವಕೀಲರ ಕಚೇರಿಯ ಮೇಜಿನ ಮುಂದೆ ಕೂರಿಸಿ ಗಂಟೆಗಟ್ಟಲೆ ಪ್ರಶ್ನಿಸಬಹುದು. ಒಂದೊಂದು ಮಾತೂ ದಾಖಲಾಗುತ್ತದೆ. ಕ್ರಿಮಿನಲ್ ವಿಚಾರಣೆಯಲ್ಲಿ ಆರೋಪಿಗೆ ಎಂದೂ ಸಿಗದಿದ್ದ ಬಲ ಇದು. ಜೀವವೇ ಪಣಕ್ಕಿದ್ದಾಗ ಕಾಣಸಿಗದ ಕಾಗದವನ್ನು, ಹಣಕ್ಕಾಗಿ ದಾವೆ ಹೂಡಿದಾಗ ಕೇಳಿ ಪಡೆಯಬಹುದು. ಇದಕ್ಕಿಂತ ವಿಪರ್ಯಾಸ ಬೇಕೆ?

ಎದುರು ಪಕ್ಷದ ಪಟ್ಟುಗಳೂ ಕಡಿಮೆಯಿಲ್ಲ. ಮೊದಲನೆಯದು ಕಾಲ. ಶಿಕ್ಷೆ ರದ್ದಾಗುವ ತನಕ ಇಂಥ ದಾವೆ ಹೂಡುವಂತಿಲ್ಲ ಎಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ದಾವೆ ಬರುವ ಹೊತ್ತಿಗೆ ಪತ್ತೇದಾರ ನಿವೃತ್ತ, ಸಾಕ್ಷಿ ಸತ್ತ, ಕಡತ ‘ಸಿಗುತ್ತಿಲ್ಲ’. ಎರಡನೆಯದು ಗೌಪ್ಯತೆ: ಮಾಹಿತಿದಾರರ ಪ್ರಾಣಕ್ಕೆ ಅಪಾಯ, ಬೇರೆ ತನಿಖೆಗೆ ಅಡ್ಡಿ. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ, ಕೆಲವೊಮ್ಮೆ ಅಪಾಯ ನಿಜವೇ ಇರುತ್ತದೆ. ಹಾಗಾಗಿ ನ್ಯಾಯಾಧೀಶರು ಕಾಗದವನ್ನು ತಾವೇ ಮೊದಲು ಓದಿ, ಹೆಸರುಗಳಿಗೆ ಮಸಿ ಬಳಿಸಿ, ವಕೀಲರ ಕಣ್ಣಿಗೆ ಮಾತ್ರ ಎಂದು ಕಟ್ಟು ಹಾಕಿ ಬಿಡುಗಡೆ ಮಾಡುವುದುಂಟು. ಮೂರನೆಯದು ಮೌನ. ಸ್ವವಿರುದ್ಧ ಸಾಕ್ಷ್ಯ ನುಡಿಯದಿರುವ ಹಕ್ಕನ್ನು ಪೊಲೀಸನೇ ಹಿಡಿದುಕೊಳ್ಳುತ್ತಾನೆ. ಕ್ರಿಮಿನಲ್ ಮೊಕದ್ದಮೆಯಲ್ಲಿ ಮೌನದಿಂದ ಯಾವ ಅರ್ಥವನ್ನೂ ತೆಗೆಯುವಂತಿಲ್ಲ. ಸಿವಿಲ್ ದಾವೆಯಲ್ಲಿ ತೆಗೆಯಬಹುದು ಎಂದು 1976ರ ಒಂದು ತೀರ್ಪು ಹೇಳಿದೆ.

ಇನ್ನೊಂದು ಜಗಳ ವಾದಿಯ ಪೂರ್ವಚರಿತ್ರೆಯದು. ಅನ್ಯಾಯವಾಗಿ ಶಿಕ್ಷೆಗೊಳಗಾದವರೆಲ್ಲ ಜಾರ್ಜ್ ಜೋನ್ಸನಂಥ ಪುಸ್ತಕದ ಹುಳುಗಳಲ್ಲ. ಹಳೆಯ ಗ್ಯಾಂಗಿನ ನಂಟು, ಹಿಂದಿನ ಶಿಕ್ಷೆ ಇದ್ದವರೂ ಇರುತ್ತಾರೆ; ಪೊಲೀಸರ ಕಣ್ಣು ಮೊದಲು ಬೀಳುವುದೂ ಅಂಥವರ ಮೇಲೆಯೇ. ಇದನ್ನೆಲ್ಲ ಜ್ಯೂರಿಗೆ ಹೇಳಬಹುದೇ? ಇಲಿನಾಯ್ ರಾಜ್ಯದ 2008ರ ಕಾಯ್ದೆಯಂತೆ ಕೋರ್ಟು ಕೊಟ್ಟ ‘ನಿರಪರಾಧಿ ಪತ್ರ’ವನ್ನು ತೋರಿಸಬಹುದೇ? ಒಂದೊಂದಕ್ಕೂ ವಿಚಾರಣೆಗೆ ಮುನ್ನ ಅರ್ಜಿ, ತಕರಾರು, ಆದೇಶ. ಜ್ಯೂರಿಯ ಮುಂದೆ ಬರುವ ಮನುಷ್ಯ ಯಾರು ಎಂಬುದನ್ನು ಈ ಆದೇಶಗಳೇ ತೀರ್ಮಾನಿಸುತ್ತವೆ.

ಎಲ್ಲಕ್ಕಿಂತ ದೊಡ್ಡ ಜಗಳ ‘ಎಷ್ಟು ಕಡತ’ ಎಂಬುದು. ನಗರದ ಪದ್ಧತಿಯೇ ಕೆಟ್ಟದ್ದಾಗಿತ್ತು ಎಂದು ತೋರಿಸಬೇಕಾದರೆ ತನ್ನೊಬ್ಬನ ಕಡತ ಸಾಲದು, ಬೇರೆಯವರವೂ ಬೇಕು. ಬೇರೆಯವರ ಕಡತ ಇವನಿಗೇಕೆ ಎಂದು ನಗರ ಕೇಳುತ್ತದೆ. ಇದು ಬರಿಯ ಲೆಕ್ಕಾಚಾರದ ಪ್ರಶ್ನೆಯಲ್ಲ ಎಂಬುದನ್ನು ನ್ಯೂ ಆರ್ಲಿಯನ್ಸಿನ ಜಾನ್ ಥಾಮ್ಸನ್ ಪ್ರಕರಣ ಕಣ್ಣಿಗೆ ಕಟ್ಟುವಂತೆ ತೋರಿಸಿತು. 1985ರಲ್ಲಿ ಮೊದಲು ಒಂದು ದರೋಡೆ ಯತ್ನಕ್ಕೆ, ಆಮೇಲೆ ಒಂದು ಕೊಲೆಗೆ ಅವನಿಗೆ ಶಿಕ್ಷೆಯಾಯಿತು, ಕೊಲೆಗೆ ಮರಣದಂಡನೆ. 1999ರಲ್ಲಿ, ಗಲ್ಲಿಗೆ ತಿಂಗಳೊಪ್ಪತ್ತು ಇದ್ದಾಗ, ಅವನ ಪರ ಶೋಧಕರೊಬ್ಬರ ಕೈಗೆ ಪೊಲೀಸ್ ಪ್ರಯೋಗಾಲಯದ ಒಂದು ಹಳೆಯ ವರದಿ ಸಿಕ್ಕಿತು. ದರೋಡೆಕೋರನ ರಕ್ತ ‘ಬಿ’ ಗುಂಪಿನದು, ಥಾಮ್ಸನ್ನನದು ‘ಓ’. ವರದಿ ಪ್ರಾಸಿಕ್ಯೂಟರರ ಕೈಸೇರಿ ಅಲ್ಲೇ ಉಳಿದಿತ್ತು. ಅವರಲ್ಲಿ ಒಬ್ಬಾತ 1994ರಲ್ಲಿ, ಕ್ಯಾನ್ಸರಿನಿಂದ ಸಾಯುವ ಮುನ್ನ, ತಾನು ಸಾಕ್ಷ್ಯ ಬಚ್ಚಿಟ್ಟದ್ದನ್ನು ಗೆಳೆಯನ ಬಳಿ ಒಪ್ಪಿಕೊಂಡಿದ್ದ. ಗೆಳೆಯನೂ ಐದು ವರ್ಷ ಬಾಯಿ ಬಿಟ್ಟಿರಲಿಲ್ಲ. 2003ರ ಮರುವಿಚಾರಣೆಯಲ್ಲಿ ಜ್ಯೂರಿ 35 ನಿಮಿಷದಲ್ಲಿ ಥಾಮ್ಸನ್ನನನ್ನು ಖುಲಾಸೆ ಮಾಡಿತು. ಹದಿನೆಂಟು ವರ್ಷ ಜೈಲು, ಅದರಲ್ಲಿ ಹದಿನಾಲ್ಕು ಮರಣದಂಡನೆಯ ಕೋಣೆಯಲ್ಲಿ.

ಸಿವಿಲ್ ಜ್ಯೂರಿ ಅವನಿಗೆ 1 ಕೋಟಿ 40 ಲಕ್ಷ ಡಾಲರ್ ವಿಧಿಸಿತು. ಸುಪ್ರೀಂ ಕೋರ್ಟು 2011ರಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಅದನ್ನು ಅಳಿಸಿಹಾಕಿತು. ಸಾಕ್ಷ್ಯ ಬಚ್ಚಿಟ್ಟದ್ದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಆ ಕಚೇರಿಯಲ್ಲಿ ಇಂಥದ್ದು ಮರುಕಳಿಸುತ್ತದೆ, ತರಬೇತಿ ಅಗತ್ಯ ಎಂದು ಮುಖ್ಯಸ್ಥನಿಗೆ ಮೊದಲೇ ತಿಳಿದಿರಬೇಕಿತ್ತು ಎಂಬುದನ್ನು ವಾದಿ ಸಾಬೀತು ಮಾಡಿಲ್ಲ ಎಂದಿತು ಬಹುಮತ. ಹಿಂದಿನ ಹತ್ತು ವರ್ಷಗಳಲ್ಲಿ ಸಾಕ್ಷ್ಯ ಬಚ್ಚಿಟ್ಟದ್ದಕ್ಕಾಗಿ ಅದೇ ಕಚೇರಿಯ ನಾಲ್ಕು ಶಿಕ್ಷೆಗಳು ರದ್ದಾಗಿದ್ದವು. ಅವು ಇದೇ ಬಗೆಯವಲ್ಲ ಎಂದಾಯಿತು. ನ್ಯಾಯಮೂರ್ತಿ ರೂತ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತವನ್ನು ಪೀಠದಿಂದಲೇ ಓದಿ ಹೇಳಿದರು. ಥಾಮ್ಸನ್ 2017ರಲ್ಲಿ ತೀರಿಕೊಂಡ.

ನಾಲ್ಕು ಸಾಲದಿದ್ದರೆ ಎಷ್ಟು ಬೇಕು? ಉತ್ತರ ಷಿಕಾಗೋದ ಒಂದು ಪೊಲೀಸ್ ಠಾಣೆಯ ನೆಲಮಾಳಿಗೆಯಲ್ಲಿತ್ತು.

ನ್ಯಾತ್ಸನ್ ಫೀಲ್ಡ್ಸ್ ಎಂಬಾತ ಎಲ್ ರುಕ್ನ್ ಎಂಬ ಕುಖ್ಯಾತ ಗ್ಯಾಂಗಿನವ. 1984ರ ಜೋಡಿ ಕೊಲೆಗಾಗಿ 1986ರಲ್ಲಿ ಅವನಿಗೆ ಮರಣದಂಡನೆಯಾಯಿತು. ವಿಧಿಸಿದ ನ್ಯಾಯಾಧೀಶ ಥಾಮಸ್ ಮಲೋನಿ. ಈ ಮಹಾಶಯ ಅದೇ ಮೊಕದ್ದಮೆಯಲ್ಲಿ ಆರೋಪಿಗಳ ಕಡೆಯಿಂದ ಹತ್ತು ಸಾವಿರ ಡಾಲರ್ ಲಂಚ ಪಡೆದು, ಕೇಂದ್ರದ ಪತ್ತೇದಾರರು ತನ್ನ ಮೇಲೆ ಕಣ್ಣಿಟ್ಟಿದ್ದಾರೆಂಬ ಗುಮಾನಿ ಬಂದು ಹಣ ಹಿಂತಿರುಗಿಸಿ, ಆಮೇಲೆ ಶಿಕ್ಷೆ ಕೊಟ್ಟವರು. 1993ರಲ್ಲಿ ಅವರೇ ಲಂಚದ ಆರೋಪದಲ್ಲಿ ಅಪರಾಧಿಯಾದರು. ಫೀಲ್ಡ್ಸ್‌ಗೆ 1998ರಲ್ಲಿ ಮರುವಿಚಾರಣೆ ದೊರೆಯಿತು, 2009ರಲ್ಲಿ ಖುಲಾಸೆಯಾಯಿತು. ಆತ ದಾವೆ ಹೂಡಿದ.

ಆ ದಾವೆ ನಡೆಯುತ್ತಿರುವಾಗಲೇ, 2011ರಲ್ಲಿ, ನಗರದ ದಕ್ಷಿಣ ಭಾಗದ ಠಾಣೆಯೊಂದರ ನೆಲಮಾಳಿಗೆಯ ಹಳೆಯ ಬೀರುಗಳಲ್ಲಿ ಅವನ ಪ್ರಕರಣದ ಬೀದಿ ಕಡತ ಸಿಕ್ಕಿತು. ಬೇರೆ ಶಂಕಿತರ ಕುರಿತ ಕೈಬರಹದ ಟಿಪ್ಪಣಿಗಳು ಅದರಲ್ಲಿದ್ದವು. ಅದೊಂದೇ ಅಲ್ಲ, ಪಕ್ಕದಲ್ಲಿ ನೂರಾರು ಕೊಲೆ ಪ್ರಕರಣಗಳ ಕಡತಗಳು ಧೂಳು ತಿನ್ನುತ್ತಿದ್ದವು. 1983ರಲ್ಲಿ ಮುಗಿಯಿತೆಂದ ಕಥೆ ಮುಗಿದಿರಲಿಲ್ಲ.

ಈಗ ಆ ‘ಎಷ್ಟು ಕಡತ’ ಎಂಬ ಪ್ರಶ್ನೆ ಅಸಲಿಗೆ ಬಂತು. ನೆಲಮಾಳಿಗೆಯ ಕಡತಗಳನ್ನು ಆಯಾ ಆರೋಪಿಗಳ ವಕೀಲರಲ್ಲಿ ಉಳಿದ ಕಡತಗಳೊಂದಿಗೆ ಒಂದೊಂದಾಗಿ ತಾಳೆ ನೋಡಿದರೆ ಏನೇನು ಮುಚ್ಚಿಡಲಾಗಿತ್ತು ಎಂಬುದು ತಾನಾಗಿ ಹೊರಬೀಳುತ್ತದೆ. ನ್ಯಾಯಾಧೀಶ ಮ್ಯಾಥ್ಯೂ ಕೆನೆಲಿ ಮೊದಲಿಗೆ ಈ ಶೋಧವನ್ನು ಮೊಟಕುಗೊಳಿಸಿದರು. 2014ರ ವಿಚಾರಣೆಯಲ್ಲಿ ಜ್ಯೂರಿ ಫೀಲ್ಡ್ಸ್‌ಗೆ ಕೊಟ್ಟದ್ದು 80,000 ಡಾಲರ್, ನಗರ ಹೊಣೆಯಲ್ಲವೆಂದಿತು. ಹದಿನೆಂಟು ವರ್ಷದ ಸೆರೆಗೆ ವರ್ಷಕ್ಕೆ ನಾಲ್ಕೂವರೆ ಸಾವಿರಕ್ಕೂ ಕಡಿಮೆ. ಆದರೆ ಕೆನೆಲಿ ಅವರೇ ಮರುವಿಚಾರಣೆಗೆ ಆದೇಶ ಕೊಟ್ಟರು. ಹೊಸ ಸಾಕ್ಷ್ಯ ಬಂದದ್ದು ಒಂದು ಕಾರಣ. ದಾಖಲೆಯ ಶೋಧಕ್ಕೆ ತಾವು ಹಾಕಿದ ಕಟ್ಟು ಸರಿಯಿರಲಿಲ್ಲ, ನಗರದ ವಿರುದ್ಧದ ವಾದ ಅದರಿಂದ ಕುಂಟಿತು ಎಂಬುದು ಇನ್ನೊಂದು. ನ್ಯಾಯಪೀಠದಲ್ಲಿ ಕೂತವರು ತಮ್ಮದೇ ಆದೇಶವನ್ನು ಹೀಗೆ ತಿದ್ದಿಕೊಳ್ಳುವುದು ಯಾವ ದೇಶದಲ್ಲೂ ದಿನನಿತ್ಯದ ಸಂಗತಿಯಲ್ಲ.

ತಾಳೆ ನೋಡುವ ಕೆಲಸ ಈಗ ನಡೆಯಿತು. ತಜ್ಞರೊಬ್ಬರು ಕಡತಗಳನ್ನು ಹೋಲಿಸಿ, ಪತ್ತೇದಾರರ ಟಿಪ್ಪಣಿಗಳು ಆರೋಪಿಗಳ ಕಡೆಗೆ ತಲುಪದೇ ಹೋದದ್ದು ಅಪವಾದವಲ್ಲ, ವಾಡಿಕೆ ಎಂದು ನುಡಿದರು. 2016ರ ಡಿಸೆಂಬರಿನಲ್ಲಿ ಎರಡನೆಯ ಜ್ಯೂರಿ ಫೀಲ್ಡ್ಸ್‌ಗೆ 2 ಕೋಟಿ 20 ಲಕ್ಷ ಡಾಲರ್ ವಿಧಿಸಿತು, ಈ ಸಲ ನಗರವನ್ನೂ ಹೊಣೆ ಮಾಡಿ. ಮನುಷ್ಯ ಅವನೇ, ಆರೋಪವೂ ಅದೇ. ಬದಲಾದದ್ದರಲ್ಲಿ ದೊಡ್ಡದು ಮೇಜಿನ ಮೇಲಿನ ಕಾಗದ. 2018ರಲ್ಲಿ ಜಾಕ್ ರಿವೇರಾ ಎಂಬಾತನ ದಾವೆಯಲ್ಲಿ, ಅಂಥದೇ ಹೋಲಿಕೆಯ ನೆರವಿನಿಂದ, ಇನ್ನೊಂದು ಜ್ಯೂರಿ 1 ಕೋಟಿ 70 ಲಕ್ಷ ಡಾಲರಿಗೂ ಮೇಲ್ಪಟ್ಟು ಕೊಟ್ಟಿತು.

ನಮ್ಮಲ್ಲಿ ಪರಿಹಾರದ ಹಾದಿ ಬೇರೆ. ಖುಲಾಸೆಯಾದ ಮೇಲೂ ಹದಿನಾಲ್ಕು ವರ್ಷ ಬಿಹಾರದ ಜೈಲಿನಲ್ಲಿ ಮರೆತುಹೋಗಿದ್ದ ರುದುಲ್ ಸಾಹ್‌ಗೆ 1983ರಲ್ಲಿ ಸುಪ್ರೀಂ ಕೋರ್ಟು ಒಟ್ಟು 35,000 ರೂಪಾಯಿ ಕೊಡಿಸಿತು; ಅದು ರಿಟ್ ಅರ್ಜಿಯ ಮೇಲೆ. ರಿಟ್ಟಿನಲ್ಲಿ ಪ್ರಮಾಣಪತ್ರಗಳ ಮೇಲೆಯೇ ತೀರ್ಮಾನ, ಅದು ಬೇಗ. ಆದರೆ ಅಲ್ಲಿ ಠಾಣೆಯ ಬೀರು ತೆರೆಯುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಹಣ ಸಿಗುತ್ತದೆ, ಹೇಗಾಯಿತು ಎಂಬುದು ಸಿಗುವುದಿಲ್ಲ. ತಪ್ಪು ಮೊಕದ್ದಮೆಗಳಿಗೆ ಶಾಸನಬದ್ಧ ಪರಿಹಾರ ಬೇಕು ಎಂದು ನಮ್ಮ ಕಾನೂನು ಆಯೋಗ 2018ರ ತನ್ನ 277ನೆಯ ವರದಿಯಲ್ಲಿ ಶಿಫಾರಸು ಮಾಡಿತು.

ಫೀಲ್ಡ್ಸ್‌ಗೆ ಬಂದ ತೀರ್ಪಿನ ವಿರುದ್ಧ ಷಿಕಾಗೋ ನಗರ ಮೇಲ್ಮನವಿ ಹೋಯಿತು. ಮೂವತ್ತೆರಡು ವರ್ಷ ಹಿಂದೆ ಜಾರ್ಜ್ ಜೋನ್ಸನ ಪರ ತೀರ್ಪು ಕೊಟ್ಟ ಅದೇ ಏಳನೆಯ ವಲಯದ ಮೇಲ್ಮನವಿ ಕೋರ್ಟು 2020ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಹೊತ್ತಿಗೆ ಫೀಲ್ಡ್ಸ್‌ಗೆ ಶಿಕ್ಷೆಯಾಗಿ ಮೂವತ್ತನಾಲ್ಕು ವರ್ಷವಾಗಿತ್ತು, ಕಡತ ಸಿಕ್ಕಿ ಒಂಬತ್ತು ವರ್ಷ.